ಬೇಲಿಯಾಚೆಗಿಟ್ಟ ಸ್ಪೀಕರ್

ಕಾಲೇಜಿನ ಡ್ಯಾನ್ಸ್ ತಂಡದವರು, ಹುಲಿವೇಷದ ಹುಡುಗರು, ಮದುವೆ ಹಾಲ್‌ಗಳಲ್ಲಿ ಸೌಂಡ್ ಕಟ್ಟುವವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಬೀಟ್ ಮಾಡಲು ಡ್ರಮ್ ಮಷಿನ್ ತೆಗೆದುಕೊಳ್ಳಬೇಕೋ, ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಹಾಕಿಕೊಂಡರೆ ಸಾಕೋ? ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದು. ನಾನು ಮುಗಿಸುವುದಿಲ್ಲ. ನನಗೆ ಸಿಟ್ಟು ಬರುತ್ತದೆ. ಕೇಳಿದವರ ಮೇಲಿನ ಸಿಟ್ಟಲ್ಲ, ಆದರೂ ಅವರು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ಅವರಿಗೋಸ್ಕರವಾದರೂ ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ನಾನು ಬೆಳ್ತಂಗಡಿ ತಾಲೂಕಿನವನು. ಮುಂಡಾಜೆಯಿಂದ ಒಳಗೆ ಹೋಗುವ ರಸ್ತೆಯಲ್ಲಿ ಡಾಮರು ಮುಗಿದ ಮೇಲೆ ನಮ್ಮ ಕಾಲನಿ ಸಿಗುತ್ತದೆ. ಅಪ್ಪ ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆಯುತ್ತಾರೆ, ಡೋಲು ಬಾರಿಸುತ್ತಾರೆ. ಊರಿನ ಸಣ್ಣ ಮಕ್ಕಳು ಕೂಡ ಅವರನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದರು. ನಾನು ಇಲ್ಲಿ ಬಹುವಚನದಲ್ಲೇ ಬರೆಯುತ್ತೇನೆ.

ಡೋಲು ಎಂದರೆ ಕೊರಳಿಗೆ ತೂಗುಹಾಕಿಕೊಳ್ಳುವ, ಎರಡೂ ಕಡೆ ಚರ್ಮ ಬಿಗಿದ ಉದ್ದನೆಯ ವಾದ್ಯ. ಅದರ ಸದ್ದು ಗುಡ್ಡೆ ದಾಟಿ ಹೋಗುತ್ತದೆ. ಬಾರಿಸುವವರು ಮಾತ್ರ ಬೇಲಿ ದಾಟಬಾರದಿತ್ತು. ಊರಿನಲ್ಲಿ ಉತ್ಸವವಿದ್ದರೆ, ದೊಡ್ಡವರ ಮನೆಯಲ್ಲಿ ಸಮಾರಂಭವಿದ್ದರೆ ನಮ್ಮವರು ಹೋಗಿ ಹೊರಗೆ ನಿಂತು ಬಾರಿಸಬೇಕು. ಕರೆಯದಿದ್ದರೂ ಹೋಗಬೇಕು. ಹೋಗದಿದ್ದರೆ ಕೇಳುವವರಿದ್ದರು. ಇದಕ್ಕೆ ಅಜಲು ಎಂದು ಹೆಸರು. ಈಗ ಅದನ್ನು ಮಾಡಿಸುವುದು ಕಾನೂನಿಗೆ ವಿರುದ್ಧ. ಕಾನೂನು ಬಂದ ಮೇಲೆ ಅಪ್ಪ ಬೇಲಿಯ ಹೊರಗೆ ನಿಲ್ಲುವುದನ್ನು ಬಿಟ್ಟರು, ಡೋಲನ್ನು ಬಿಡಲಿಲ್ಲ. ಕಾಲನಿಯ ಮದುವೆಗಳಿಗೆ, ನಮ್ಮದೇ ಪೂಜೆಗೆ, ಒಮ್ಮೊಮ್ಮೆ ಬುಟ್ಟಿಯ ಕೆಲಸ ಸಾಕೆನಿಸಿದಾಗ ಸುಮ್ಮನೆ, ಅಂಗಳದಲ್ಲಿ ನಿಂತು ಬಾರಿಸುತ್ತಾರೆ. ಅವರಿಗೆ ಅದು ಇಷ್ಟ. ಈ ಸರಳ ಮಾತು ಎಷ್ಟು ಜನರಿಗೆ ಅರ್ಥವಾಗುವುದಿಲ್ಲ ಎಂದು ಹೇಳಿ ಪ್ರಯೋಜನವಿಲ್ಲ. ಡೋಲು ಅವಮಾನ ಎಂದು ತಿಳಿದವರು ಬಿಡಿ ಎನ್ನುತ್ತಾರೆ, ಡೋಲು ಸೇವೆ ಎಂದು ತಿಳಿದವರು ಬಾ ಎನ್ನುತ್ತಾರೆ. ನಿಮಗೆ ಹೇಗೆ ಬೇಕು ಎಂದು ಅಪ್ಪನನ್ನು ಕೇಳಿದವರು ಯಾರೂ ಇಲ್ಲ.

ನಾನು ನಮ್ಮ ಕಾಲನಿಯ ಮೊದಲ ಪದವೀಧರ. ಹೇಳಿಕೊಳ್ಳಲು ಸಂಕೋಚವಿಲ್ಲ. ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಮಾಡಿದೆ. ಮೊದಲ ವರ್ಷ ಇಂಗ್ಲಿಷಿನಲ್ಲಿ ಫೇಲಾಗಿ ಮತ್ತೆ ಕಟ್ಟಿ ಪಾಸಾದೆ. ರಜೆಯಲ್ಲಿ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಹೊತ್ತೆ. ನಿಮಗೇನು, ಸೀಟು ಇಟ್ಟಿರುತ್ತಾರೆ ಎಂದವರು ತುಂಬ ಮಂದಿ. ಅವರಲ್ಲಿ ಯಾರೂ ಕಲ್ಲು ಹೊರಲು ಬರಲಿಲ್ಲ. ಈಗ ಬಂಟ್ವಾಳದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದೇನೆ. ಕೌಂಟರಿನ ಒಳಗೆ ಕೂರುತ್ತೇನೆ. ಹೊರಗೆ ನಿಂತವರು ನನ್ನನ್ನು ಸರ್ ಎನ್ನುತ್ತಾರೆ. ಊರು ಕೇಳಿ, ಮನೆ ಯಾವ ಬದಿ ಎಂದು ಕೇಳಿ, ಆಮೇಲೆ ಸರ್ ಬಿಡುವವರೂ ಇದ್ದಾರೆ.

ಸಂಬಳ ಬರಲು ಶುರುವಾದ ಮೇಲೆ ಮನೆಗೆಂದು ತಂದದ್ದು ಮಿಕ್ಸಿ, ನನಗೆಂದು ತಂದದ್ದು ಡ್ರಮ್ ಮಷಿನ್. ವಿಟ್ಲದಲ್ಲಿ ಮದುವೆಗಳಿಗೆ ರಸಮಂಜರಿ ನಡೆಸುತ್ತಿದ್ದ ಒಂದು ತಂಡ ಮುರಿದಿತ್ತು. ಎಲ್ಲರೂ ಡಿಜೆ ಕರೆಯುವವರೇ ಆದ ಮೇಲೆ ಹಾಡುವವರನ್ನು ಯಾರು ಕೇಳುತ್ತಾರೆ? ಅವರ ಕೀಬೋರ್ಡಿನವರು ತಮ್ಮ ಹಳೆಯ ಮಷಿನನ್ನು ಬಟ್ಟೆಯಲ್ಲಿ ಸುತ್ತಿ ನನಗೆ ಕೊಟ್ಟರು. ಸ್ಲೇಟಿಗಿಂತ ಸ್ವಲ್ಪ ಅಗಲದ ಕಪ್ಪು ಪೆಟ್ಟಿಗೆ, ಗಾತ್ರಕ್ಕೆ ಮೀರಿದ ಭಾರ. ಮೇಲೆ ಸಾಲಾಗಿ ರಬ್ಬರಿನ ಪ್ಯಾಡುಗಳು, ಒಂದು ಸಣ್ಣ ಪರದೆ, ವೇಗ ಹೆಚ್ಚುಕಡಿಮೆ ಮಾಡಲು ಒಂದು ತಿರುಗುವ ಗುಂಡಿ. ಎಡ ತುದಿಯ ಪ್ಯಾಡ್ ಸವೆದಿತ್ತು, ಅದನ್ನು ಉಳಿದವುಗಳಿಗಿಂತ ಜೋರಾಗಿ ಹೊಡೆಯಬೇಕಿತ್ತು. ಬಂಟ್ವಾಳದ ಬಾಡಿಗೆ ಕೋಣೆಯಲ್ಲಿ ಚಾಪೆಯ ಮೇಲೆ ಇಟ್ಟುಕೊಂಡು ಕೆಲಸದಿಂದ ಬಂದ ಕೂಡಲೇ ಶುರುಮಾಡುತ್ತಿದ್ದೆ. ಸಂಗೀತದ ಹುಚ್ಚು ಇತ್ತು, ನಿಜ. ಅದರ ಜೊತೆಗೆ ಇನ್ನೊಂದು ಇತ್ತು. ಈ ಪೆಟ್ಟಿಗೆಯಲ್ಲಿ ಚರ್ಮ ಇಲ್ಲ. ಇದನ್ನು ಕೊರಳಿಗೆ ಹಾಕಿಕೊಂಡು ಹೊರಗೆ ನಿಲ್ಲುವ ಹಾಗಿಲ್ಲ. ಮೇಜು ಬೇಕು, ಕುರ್ಚಿ ಬೇಕು, ಪ್ಲಗ್ ಬೇಕು, ಅಂದರೆ ವೇದಿಕೆಯೇ ಬೇಕು. ಇದನ್ನು ಬಾರಿಸುವವನನ್ನು ಬೇಲಿಯಾಚೆ ಯಾರು ನಿಲ್ಲಿಸುತ್ತಾರೆ ಎಂದು ನನ್ನ ಲೆಕ್ಕ.

ಸಾಫ್ಟ್‌ವೇರಿನ ಪಕ್ಷ ನನ್ನ ಗೆಳೆಯನದ್ದು. ಮೂಡುಬಿದಿರೆಯಲ್ಲಿ ನನ್ನ ಕ್ಲಾಸಿನಲ್ಲೇ ಇದ್ದವನು. ಮನೆಯಲ್ಲಿ ಗದ್ದೆ ಇತ್ತು, ರಬ್ಬರ್ ಇತ್ತು, ದುಬೈಯಲ್ಲಿ ಅಣ್ಣ ಇದ್ದ. ಮೂಡುಬಿದಿರೆ ಪೇಟೆಯಲ್ಲಿ ಒಂದು ಅಂಗಡಿಯ ಮಾಳಿಗೆಯ ಮೇಲೆ ಸಣ್ಣ ಸ್ಟುಡಿಯೋ ಮಾಡಿಕೊಂಡಿದ್ದ. ಗೋಡೆಗೆ ದಪ್ಪ ಸ್ಪಂಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಎರಡು ಸ್ಪೀಕರು. ಭಾನುವಾರಗಳಲ್ಲಿ ನಾನು ಪೆಟ್ಟಿಗೆ ಹಿಡಿದುಕೊಂಡು ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಶಾಲೆಯ ವಾರ್ಷಿಕೋತ್ಸವಕ್ಕೆ, ಡ್ಯಾನ್ಸ್ ಸ್ಪರ್ಧೆಗೆ ಇಬ್ಬರೂ ಸೇರಿ ಟ್ರ್ಯಾಕ್ ಮಾಡಿಕೊಡುತ್ತಿದ್ದೆವು.

"ನಿನ್ನದು ಮಷಿನ್ ಅಲ್ಲ ಮಾರಾಯ, ಮ್ಯೂಸಿಯಮ್ಮಿಗೆ ಕೊಡುವಂಥದ್ದು" ಎಂದು ಅವನು ಶುರುಮಾಡುತ್ತಿದ್ದ.

"ನಿನ್ನದು ಅಪ್‌ಡೇಟ್ ಆಗಿ ಮುಗಿಯುವಾಗ ಮದುಮಗಳಿಗೆ ಮಗು ಹುಟ್ಟಿರ್ತದೆ" ಎಂದು ನಾನು ಮುಂದುವರಿಸುತ್ತಿದ್ದೆ.

ಜಗಳವಾದರೂ ಅವನ ಮಾತಿನಲ್ಲಿ ಹುರುಳಿತ್ತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಜಾಗ ಕಡಿಮೆ. ಹೊಸ ಸದ್ದು ಹಾಕಬೇಕಾದರೆ ಹಳೆಯದನ್ನು ತೆಗೆಯಬೇಕು. ಅವನ ಲ್ಯಾಪ್‌ಟಾಪಿನಲ್ಲಿ ಲೋಕದ ಡ್ರಮ್ಮೆಲ್ಲ ತುಂಬಿತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ ನನ್ನದು ಅಲ್ಲಿಗೇ ಸತ್ತಿತು, ಸೇವ್ ಮಾಡದ್ದೆಲ್ಲ ಹೋಯಿತು. ಅವನು ಬ್ಯಾಟರಿಯಲ್ಲಿ ನಗುತ್ತಾ ಕೆಲಸ ಮಾಡುತ್ತಿದ್ದ. ಆದರೆ ಅವನು ಬೀಟನ್ನು ಪರದೆಯ ಮೇಲೆ ಚೌಕ ಚೌಕವಾಗಿ ಮೌಸಿನಿಂದ ಇಡುತ್ತಿದ್ದ, ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ. ನಾನು ಬೆರಳಿನಿಂದ ಹೊಡೆಯುತ್ತಿದ್ದೆ. ಅವನಲ್ಲಿ ಒಂದು ಗುಂಡಿ ಇತ್ತು, ಒತ್ತಿದರೆ ಹಿಂದೆ ಮುಂದೆ ಬಿದ್ದ ಪೆಟ್ಟುಗಳೆಲ್ಲ ಗೆರೆಯ ಮೇಲೆ ಬಂದು ಸಾಲಾಗಿ ಕೂರುತ್ತವೆ. ನನ್ನ ಪೆಟ್ಟಿಗೆಯಲ್ಲಿಯೂ ಅದು ಉಂಟು. ನಾನು ಬಂದ್ ಮಾಡಿ ಇಟ್ಟಿದ್ದೆ. ಅಪ್ಪನ ಪೆಟ್ಟು ಯಾವತ್ತೂ ಗೆರೆಗಿಂತ ಒಂದು ಕೂದಲು ಹಿಂದೆ ಬೀಳುತ್ತದೆ. ಕುಣಿಯುವವನ ಕಾಲು ನೆಲ ಮುಟ್ಟುವವರೆಗೆ ಕಾಯುವ ಪೆಟ್ಟು ಅದು. ಅದನ್ನು ಗೆರೆಗೆ ಕೂರಿಸಿದರೆ ಡೋಲು ಹೋಗಿ ಡಬ್ಬ ಆಗುತ್ತದೆ.

ಅಪ್ಪನ ಡೋಲನ್ನು ರೆಕಾರ್ಡ್ ಮಾಡುವ ಎಂದದ್ದು ಗೆಳೆಯ. ಒಂದು ಭಾನುವಾರ ಒಳ್ಳೆಯ ಮೈಕ್ ತೆಗೆದುಕೊಂಡು ನನ್ನ ಜೊತೆ ಕಾಲನಿಗೆ ಬಂದ. ಅವನ ಮನೆಯಂಥ ಮನೆಯವರು ನಮ್ಮ ಮನೆಯೊಳಗೆ ಕೂತು ಚಾ ಕುಡಿದದ್ದು ಅದೇ ಮೊದಲು. ಅಪ್ಪ ಅವನನ್ನು ಧಣಿ ಎಂದು ಕರೆದರು. ಅವನಿಗೆ ನಾಚಿಕೆಯಾಯಿತು. ಹಾಗೆ ಹೇಳಬೇಡಿ ಅಂಕಲ್ ಎಂದ. ಆ ದಿನ ಅವನ ಮೇಲೆ ನನಗಿದ್ದ ಅಭಿಮಾನ ಅಷ್ಟಿಷ್ಟಲ್ಲ.

ಅಪ್ಪ ಅಂಗಳದಲ್ಲಿ ನಿಂತು ಬಾರಿಸಿದರು. ನಾನು ಬೇಕಾದ ಪೆಟ್ಟುಗಳನ್ನು ಬಿಡಿಬಿಡಿಯಾಗಿ ತೆಗೆದು ಪ್ಯಾಡುಗಳಿಗೆ ಹಾಕಿಕೊಂಡೆ: ಬಲಗಡೆಯ ದಪ್ಪ ಪೆಟ್ಟು ಒಂದಕ್ಕೆ, ಎಡಗಡೆಯ ತೆಳು ಪೆಟ್ಟು ಇನ್ನೊಂದಕ್ಕೆ. ಅವುಗಳನ್ನು ಜೋಡಿಸಿ ಬಾರಿಸುವ ಕೆಲಸ ಪ್ರತಿ ಸಲ ನನ್ನ ಬೆರಳಿನದ್ದು. ಗೆಳೆಯ ಒಂದು ಉದ್ದನೆಯ ತುಂಡನ್ನು ಹಾಗೆಯೇ ಇಟ್ಟುಕೊಂಡ. ಅದು ಮುಗಿದ ಕಡೆಯಿಂದ ಮತ್ತೆ ಶುರುವಾಗಿ ತಿರುಗುತ್ತಲೇ ಇರುವ ಹಾಗೆ ಕತ್ತರಿಸಿ ಅಂಟಿಸಿದ. ಆ ತುಂಡಿನಲ್ಲಿ ಒಂದು ಕಡೆ ಅಪ್ಪನ ಕೋಲು ಡೋಲಿನ ಅಂಚಿಗೆ ತಾಗಿ ಟಿಕ್ ಎಂದಿತ್ತು. ತೆಗೆದುಬಿಡು ಎಂದೆ. ಇರಲಿ, ನ್ಯಾಚುರಲ್ ಆಗಿ ಕೇಳ್ತದೆ ಎಂದ.

ಹೆಡ್‌ಫೋನ್ ಹಾಕಿ ಕೇಳಿಸಿದಾಗ ಅಪ್ಪ ನಕ್ಕರು. ಇದನ್ನು ಎಲ್ಲಿ ಬಾರಿಸ್ತೀಯ ಎಂದು ಕೇಳಿದರು. ಸ್ಟೇಜಿನ ಮೇಲೆ, ನಾನೇ ಕೂತು ಬಾರಿಸ್ತೇನೆ ಎಂದೆ.

"ಸ್ಟೇಜಿನ ಮೇಲೆಯಾ?" ಎಂದರು ಅಪ್ಪ. ಡೋಲಿನ ಕಡೆ ನೋಡಿ, "ಡೋಲಾ, ಸ್ಟೇಜಿನ ಮೇಲೆಯಾ?" ಎಂದು ಮತ್ತೆ ಕೇಳಿದರು.

ಹೌದು ಎಂದು ನಾನು ಮಾತು ಕೊಟ್ಟೆ.

ಅವಕಾಶ ಬೇಗನೆ ಬಂತು. ನಮ್ಮ ಕಾಲನಿಯ ಗುಡ್ಡೆಯ ಆಚೆ ಬದಿಯ ಊರಿನಲ್ಲಿ ಯುವಕ ಮಂಡಲದ ವಾರ್ಷಿಕೋತ್ಸವ. ಹುಲಿವೇಷದ ಕುಣಿತ ಇತ್ತು. ತಾಸೆ ಬಾರಿಸುವವರು ಗೊತ್ತಾಗಿದ್ದರು, ಹುಲಿಗಳು ವೇದಿಕೆಗೆ ಬರುವಾಗ ಮಾತ್ರ ಡೋಲು ಬೇಕಂತೆ. ಮಂಡಲದ ಗೌರವಾಧ್ಯಕ್ಷರು ಗೆಳೆಯನ ಸ್ಟುಡಿಯೋಕ್ಕೆ ಬಂದರು. ಆ ಊರಿನ ದೊಡ್ಡ ಮನೆಯವರು, ವಯಸ್ಸಾದವರು, ಮೆತ್ತಗೆ ಮಾತಾಡುವವರು. ನಾನು ಯಾರ ಮಗ ಎಂದು ಅವರಿಗೆ ಗೊತ್ತಿತ್ತು. ಬಂಟ್ವಾಳದಲ್ಲಿ ಕೆಲಸ ಎಂದೂ ಗೊತ್ತಿತ್ತು, ಆದ್ದರಿಂದ ನೀವು ಎಂದೇ ಮಾತಾಡಿಸಿದರು.

"ನಿಮ್ಮವರನ್ನು ಕರೆದರೆ ಈಗ ಕೇಸ್ ಆಗ್ತದೆ" ಎಂದರು. "ನಮಗೆ ಸೌಂಡ್ ಇದ್ದರೆ ಸಾಕು."

ನಾನು ಆ ಕಾನೂನನ್ನು ಓದಿದವನು. ಅದು ಇರುವುದು ನಮ್ಮವರನ್ನು ಹಳೆಯ ಪದ್ಧತಿಯ ಹೆಸರಿನಲ್ಲಿ ಎಳೆದು ತಂದು ಹೊರಗೆ ನಿಲ್ಲಿಸಬಾರದು ಎಂದು. ಅಪ್ಪನನ್ನು ಕಲಾವಿದ ಎಂದು ಕರೆಯಬೇಡಿ, ವೇದಿಕೆಗೆ ಹತ್ತಿಸಬೇಡಿ, ಕುರ್ಚಿ ಕೊಡಬೇಡಿ ಎಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಹಾಗೆಂದು ಅವರಿಗೆ ಹೇಳಿದೆ. ಅಪ್ಪನನ್ನು ಆಮಂತ್ರಣ ಕೊಟ್ಟು ಕರೆಯಿರಿ, ಎಲ್ಲ ಕಲಾವಿದರ ಹಾಗೆ ಶಾಲು ಹೊದೆಸಿ, ಯಾವ ಕೇಸೂ ಆಗುವುದಿಲ್ಲ, ಬೇಕಾದರೆ ನಾನೇ ಬರೆದುಕೊಡುತ್ತೇನೆ ಎಂದೆ. ಅವರು ನಕ್ಕು, ಅದೆಲ್ಲ ರಗಳೆ ಬೇಡ ಎಂದರು. ಗೆಳೆಯ ಮೇಜಿನ ಕೆಳಗೆ ನನ್ನ ಮೊಣಕಾಲು ಅದುಮಿದ. ಅಪ್ಪನಲ್ಲದಿದ್ದರೆ ಅಪ್ಪನ ಡೋಲಾದರೂ ವೇದಿಕೆ ಹತ್ತಲಿ ಎಂದು ನಾನು ಒಪ್ಪಿಕೊಂಡೆ. ಹೋಗಿ ಅಪ್ಪನಿಗೆ ಹೇಳಿದಾಗ, ನಾನು ಅಲ್ಲಿಗೆ ಬರುವುದಿಲ್ಲ, ಮನೆಯಿಂದಲೇ ಕೇಳ್ತದಲ್ಲ ಎಂದರು. ಅವರ ಮುಖದಲ್ಲಿ ಸಂತೋಷ ಇತ್ತು.

ಕಾರ್ಯಕ್ರಮದ ದಿನ ಮಧ್ಯಾಹ್ನವೇ ಹೋದೆ. ಶಾಲೆಯ ಮೈದಾನ. ವೇದಿಕೆಯ ಬಲಬದಿಯಲ್ಲಿ ನನಗೆಂದೇ ಮೇಜು ಮತ್ತು ಕುರ್ಚಿ ಹಾಕಿದ್ದರು. ಪಕ್ಕದಲ್ಲಿ ಗೆಳೆಯನ ಲ್ಯಾಪ್‌ಟಾಪು, ಬೇರೆ ಹಾಡುಗಳಿಗೆ. ಪೆಟ್ಟಿಗೆಯ ವಯರನ್ನು ಸೌಂಡಿನವರ ಮಿಕ್ಸರಿಗೆ ಕೊಟ್ಟು ದಪ್ಪ ಪೆಟ್ಟಿನ ಪ್ಯಾಡನ್ನು ಒತ್ತಿದೆ. ವೇದಿಕೆಯ ಸ್ಪೀಕರುಗಳು ಮಾತಾಡಲಿಲ್ಲ. ಅಪ್ಪನ ಡೋಲು ಎಲ್ಲೋ ದೂರದಲ್ಲಿ ಗುಮ್ಮೆಂದಿತು.

ವಯರು ತಪ್ಪಿದೆ ಎಂದುಕೊಂಡೆ. ಮಿಕ್ಸರಿನಿಂದ ಹೊರಟ ವಯರನ್ನು ಕಣ್ಣಿನಲ್ಲೇ ಹಿಡಿದುಕೊಂಡು ಹೋದೆ. ಅದು ಶಾಮಿಯಾನದ ಕಂಬಗಳಿಗೆ ಸುತ್ತಿಕೊಂಡು, ಕುರ್ಚಿಗಳ ಸಾಲು ದಾಟಿ, ಮೈದಾನದ ಬೇಲಿಯ ಮೇಲಿಂದ ಆಚೆಗೆ ಇಳಿದು, ಹಲಸಿನ ಮರದ ಬುಡಕ್ಕೆ ಹೋಗಿ ನಿಂತಿತ್ತು. ಅಲ್ಲಿ ಕಲ್ಲಿನ ಮೇಲೆ ಒಂದೇ ಒಂದು ಸ್ಪೀಕರ್ ಇಟ್ಟಿದ್ದರು.

ಆ ಮರ ನನಗೆ ಗೊತ್ತು. ಸಣ್ಣವನಿದ್ದಾಗ ಅಪ್ಪನ ಜೊತೆ ಹೋಗಿ ಅದರ ಬೇರಿನ ಮೇಲೆ ಕೂತಿದ್ದೆ. ಅಪ್ಪ ನಿಂತು ಬಾರಿಸುತ್ತಿದ್ದರು. ಒಳಗೆ ಎಲ್ಲರ ಊಟ ಮುಗಿದ ಮೇಲೆ ಯಾರೋ ಬಂದು ಬೇಲಿಯ ಒಳಗಿನಿಂದಲೇ ಬಗ್ಗಿ ಬಾಳೆಲೆಯನ್ನು ನೆಲದ ಮೇಲೆ ಇಟ್ಟು ಹೋಗುತ್ತಿದ್ದರು.

ಸೌಂಡಿನವನನ್ನು ಕೇಳಿದೆ. ಅವನು ಬಂಟ್ವಾಳದ ಕಡೆಯವನು, ಪಾಪ, ಅವನಿಗೆ ಏನೂ ಗೊತ್ತಿಲ್ಲ. ಡೋಲಿಗೆ ಮಾತ್ರ ಬೇರೆ ಲೈನ್ ಎಳೆದು ಆ ಮರದ ಹತ್ತಿರ ಸ್ಪೀಕರ್ ಇಡಬೇಕು ಎಂದು ಕಮಿಟಿಯವರು ಹೇಳಿದ್ದರಂತೆ. ಎಫೆಕ್ಟಿಗೆ ಇರಬೇಕು ಅಣ್ಣ ಎಂದ.

ಗೌರವಾಧ್ಯಕ್ಷರು ವೇದಿಕೆಯ ಎದುರಿಗೇ ಇದ್ದರು. ಸ್ಪೀಕರನ್ನು ಒಳಗೆ ತರಿಸಿ ಎಂದೆ. ಅವರು ಮಕ್ಕಳಿಗೆ ಪಾಠ ಹೇಳುವ ಹಾಗೆ ನಿಧಾನವಾಗಿ ವಿವರಿಸಿದರು.

"ಡೋಲು ಆ ಬದಿಯಿಂದ ಕೇಳಿದರೇ ಚಂದ. ಸ್ಟೇಜಿನಿಂದ ಬಂದರೆ ಒಂದು ನಮೂನೆ ಆಗ್ತದೆ. ಮೊದಲಿನಿಂದಲೂ ಹಾಗೆಯೇ ಅಲ್ಲವಾ? ನಿಮ್ಮ ಅಪ್ಪ ಸಹ ಅಲ್ಲೇ ನಿಲ್ತಿದ್ದದ್ದು."

"ನಿಲ್ತಿದ್ದದ್ದಲ್ಲ. ನಿಲ್ಲಿಸ್ತಿದ್ದದ್ದು" ಎಂದೆ.

ಅವರ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಇವತ್ತಿಗೂ ನನಗೆ ಸಿಟ್ಟು ಬರುವುದು ಅದಕ್ಕೇ. ಅವರಿಗೆ ನಿಜವಾಗಿಯೂ ಅದು ಚಂದ. ಬಾಲ್ಯದಿಂದ ಕೇಳಿದ ಸದ್ದು ಕೇಳಿದ ಜಾಗದಿಂದಲೇ ಬರಬೇಕು, ಅಷ್ಟೇ ಅವರ ಆಸೆ. ಮನುಷ್ಯನನ್ನು ಅಲ್ಲಿ ನಿಲ್ಲಿಸಿದರೆ ಕೇಸ್ ಆಗುತ್ತದೆ. ಸ್ಪೀಕರ್ ನಿಲ್ಲಿಸಿದರೆ ಯಾವ ಕಾನೂನು ಏನು ಮಾಡುತ್ತದೆ? ಅವರು ಅದನ್ನು ಯೋಚಿಸಿ ಉಪಾಯ ಮಾಡಿದ್ದಲ್ಲ ಎಂದು ನನಗೆ ಖಾತ್ರಿ ಇದೆ. ಕೈ ತಾನಾಗಿಯೇ ಆ ಕಡೆ ತೋರಿಸಿದೆ. ಚರ್ಮ ಇಲ್ಲದ, ಮನುಷ್ಯ ಇಲ್ಲದ, ವಯರಿನಲ್ಲಿ ಹರಿದು ಬರುವ ಬರೀ ಸದ್ದನ್ನು ಕೂಡ ಎಲ್ಲಿ ಇಡಬೇಕು ಎಂದು ಆ ಕೈಗೆ ಗೊತ್ತಿತ್ತು.

ಗೆಳೆಯ ಓಡಿ ಬಂದು ನನ್ನ ಭುಜ ಹಿಡಿದುಕೊಂಡ.

"ಇವತ್ತೊಂದು ದಿವಸ ಬಿಡು ಮಾರಾಯ. ಸ್ಪೀಕರಿಗೆ ಜಾತಿ ಉಂಟಾ?"

"ಇಡುವವರಿಗೆ ಉಂಟು" ಎಂದೆ.

ಹೋಗಿ ಮಿಕ್ಸರಿನಿಂದ ನನ್ನ ವಯರನ್ನು ಎಳೆದು ತೆಗೆದೆ. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದುಕೊಂಡೆ. ಸ್ಪೀಕರ್ ಒಳಗೆ ಬಂದರೆ ನಾನೂ ಬರುತ್ತೇನೆ, ಇಲ್ಲದಿದ್ದರೆ ನಿಮ್ಮ ಹುಲಿಗಳು ಡೋಲಿಲ್ಲದೆ ಬರಲಿ ಎಂದೆ. ಸುತ್ತ ನಿಂತವರು ಗೌರವಾಧ್ಯಕ್ಷರ ಮುಖ ನೋಡಿದರು. ಒಂದು ಕ್ಷಣ ನಾನು ಗೆದ್ದೆ ಎಂದೇ ಅನ್ನಿಸಿತು. ಓದಿದ್ದು, ಕಲ್ಲು ಹೊತ್ತದ್ದು, ಕೌಂಟರಿನ ಒಳಗೆ ಕೂತದ್ದು ಎಲ್ಲ ಈ ಒಂದು ಮಾತನ್ನು ಇವರ ಎದುರು ಆಡಲಿಕ್ಕೇ ಎಂದು ಅನ್ನಿಸಿತು.

ಗೌರವಾಧ್ಯಕ್ಷರು ದನಿ ಏರಿಸಲಿಲ್ಲ. ನೀವು ಎನ್ನುವುದನ್ನು ಮಾತ್ರ ಬಿಟ್ಟರು.

"ನೀನು ಹೋಗುವುದಾದರೆ ಹೋಗು. ಇವರ ಲ್ಯಾಪ್‌ಟಾಪಿನಲ್ಲಿ ಉಂಟಲ್ಲ."

ಅದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಗೆಳೆಯನ ಕಡೆ ತಿರುಗಿ ನೋಡಿದೆ. ಅವನು ಲ್ಯಾಪ್‌ಟಾಪಿನ ಪರದೆಯನ್ನೇ ನೋಡುತ್ತಿದ್ದ.

"ಒಪ್ಪಿಕೊಂಡ ಕೆಲಸ ಮಾರಾಯ" ಎಂದ. "ನನಗೂ ನಾಳೆ ಇಲ್ಲಿ ಮುಖ ತೋರಿಸಬೇಕಲ್ಲ."

ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರಿನ ವ್ಯತ್ಯಾಸ ನನಗೆ ಅರ್ಥವಾದದ್ದು ಆಗ. ಅಷ್ಟು ಭಾನುವಾರ ನಾವು ಕಚ್ಚಾಡಿದ್ದು ಸದ್ದಿನ ಬಗ್ಗೆ, ಬ್ಯಾಟರಿಯ ಬಗ್ಗೆ, ಗೆರೆಯ ಬಗ್ಗೆ. ಅದ್ಯಾವುದೂ ದೊಡ್ಡದಲ್ಲ. ಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದುಕೊಂಡು ಎದ್ದು ಹೋಗಬಹುದು. ಅದರಲ್ಲಿದ್ದದ್ದೂ ನಿಮ್ಮ ಜೊತೆ ಎದ್ದು ಬರುತ್ತದೆ. ಡೋಲು ಬಾರಿಸುವವನಿಗೆ ಇದ್ದ ಒಂದೇ ಶಕ್ತಿ ಅದು, ಕೈ ತೆಗೆದರೆ ಸದ್ದು ನಿಲ್ಲುತ್ತದೆ. ಲ್ಯಾಪ್‌ಟಾಪಿಗೆ ಹೋದ ಸದ್ದಿಗೆ ಬಾರಿಸಿದವನ ಹಂಗಿಲ್ಲ. ಅದು ಯಾರು ಒತ್ತಿದರೂ ಬರುತ್ತದೆ, ಎಲ್ಲಿ ಬೇಕಾದರೂ ನಿಲ್ಲುತ್ತದೆ, ಒಲ್ಲೆ ಎನ್ನುವುದಿಲ್ಲ. ಇವರಿಗೆ ತಲೆಮಾರುಗಳಿಂದ ಬೇಕಾಗಿದ್ದ ಡೋಲು ಇದೇ.

ಸ್ಕೂಟರಿನಲ್ಲಿ ಗುಡ್ಡೆ ಸುತ್ತಿ ಮನೆಗೆ ಬರುವಾಗ ಸಂಜೆಯಾಗಿತ್ತು. ಅಪ್ಪ ಅಂಗಳದಲ್ಲಿ ಕೂತು ಬಳ್ಳಿ ಸೀಳುತ್ತಿದ್ದರು. ನನ್ನನ್ನು ನೋಡಿ, ಇಷ್ಟು ಬೇಗ ಮುಗಿಯಿತಾ ಎಂದರು. ನಾನು ಉತ್ತರ ಹೇಳುವ ಮೊದಲೇ ಗುಡ್ಡೆಯ ಆಚೆಯಿಂದ ಡೋಲು ಶುರುವಾಯಿತು. ಅಪ್ಪ ಕತ್ತಿ ಕೆಳಗಿಟ್ಟು ಕೇಳಿದರು. ಅದೇ ತುಂಡು. ಹೋಗುತ್ತದೆ, ಟಿಕ್ ಎನ್ನುತ್ತದೆ, ಹೋಗುತ್ತದೆ, ಮತ್ತೆ ಅಲ್ಲಿಯೇ ಟಿಕ್ ಎನ್ನುತ್ತದೆ.

"ನೀನಲ್ಲ ಇದು" ಎಂದರು ಅಪ್ಪ. "ಯಾರೋ ಹೊಸಬ. ತಪ್ಪಿದ ಕಡೆಯಲ್ಲೇ ಪುನಃ ತಪ್ಪುತ್ತಾನೆ."

ಅದು ನೀವೇ ಎಂದು ಹೇಳಬೇಕಾಯಿತು. ಅಲ್ಲಿ ಏನಾಯಿತು, ಸ್ಪೀಕರ್ ಎಲ್ಲಿಟ್ಟಿದ್ದಾರೆ, ನಾನು ಯಾಕೆ ಬಂದೆ, ಡೋಲು ಯಾಕೆ ಬರಲಿಲ್ಲ, ಎಲ್ಲವನ್ನೂ ಹೇಳಿದೆ. ಮರದ ವಿಷಯ ಹೇಳುವಾಗ ಅವರು ತಲೆ ಎತ್ತಿ ನನ್ನನ್ನು ನೋಡಿದರು. ಡೋಲು ಬರುತ್ತಲೇ ಇತ್ತು. ಹುಲಿಗಳ ಪ್ರವೇಶಕ್ಕೆ ಮಾತ್ರ ಎಂದದ್ದು, ಜನರಿಗೆ ಹಿಡಿಸಿತೋ ಏನೋ, ನಿಲ್ಲಿಸಲೇ ಇಲ್ಲ.

"ನಾನಾದರೆ ಕೈ ಸೋತಾಗ ನಿಲ್ಲಿಸ್ತಿದ್ದೆ" ಎಂದರು ಅಪ್ಪ.

ಆಮೇಲೆ ಎದ್ದು ಒಳಗೆ ಹೋದರು. ಹೋಗುವಾಗ, ಅದನ್ನು ಅಳಿಸಲಿಕ್ಕೆ ಹೇಳು ಎಂದರು. ನನ್ನ ಅಪ್ಪ ಯಾರಿಗೂ ಹೀಗೆ ಮಾಡು ಎಂದು ಹೇಳಿ ಕಳಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾನು ಆ ದಿನವೇ ನನ್ನ ಪೆಟ್ಟಿಗೆಯಲ್ಲಿದ್ದ ಪೆಟ್ಟುಗಳನ್ನೆಲ್ಲ ಅಳಿಸಿದೆ. ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದರೆ ಆಯಿತು. ಪ್ಯಾಡ್ ಮುಟ್ಟಿದರೆ ಬರೀ ರಬ್ಬರು. ಗೆಳೆಯನಿಗೆ ಫೋನ್ ಮಾಡಿ ಅಪ್ಪನ ಮಾತನ್ನು ಹೇಳಿದೆ, ನನ್ನ ಮಾತು ಒಂದನ್ನೂ ಸೇರಿಸಲಿಲ್ಲ. ಅವನು ಬರುವ ಭಾನುವಾರ ಮನೆಗೇ ಬರುತ್ತೇನೆ ಎಂದ. ಬಂದ. ಅದನ್ನು ಅವನ ಪರವಾಗಿ ಬರೆಯಲೇಬೇಕು. ಲ್ಯಾಪ್‌ಟಾಪ್ ತೆರೆದು, ಅಪ್ಪನ ಎದುರು ಜಗಲಿಯಲ್ಲಿ ಕೂತು, ಆ ತುಂಡು ಎಲ್ಲಿ ಉಂಟು ಎಂದು ತೋರಿಸಿ ಅಳಿಸಿದ. ಪರದೆಯ ಮೇಲಿನ ಕಸದ ಬುಟ್ಟಿಯಿಂದಲೂ ತೆಗೆದ.

"ಹೋಯಿತು ಅಂಕಲ್" ಎಂದ.

ಅಪ್ಪ ನನ್ನ ಮುಖ ನೋಡಿದರು. ಗೆಳೆಯನೂ ನೋಡಿದ. ಸುಮ್ಮನಿರು ಎಂದು ಅವನ ಕಣ್ಣು ಹೇಳುತ್ತಿತ್ತು. ಸುಮ್ಮನಿದ್ದರೆ ಅಪ್ಪನಿಗೆ ನೆಮ್ಮದಿ, ಅವನಿಗೆ ನೆಮ್ಮದಿ. ಆದರೆ ಅಪ್ಪನಿಗೆ ಎಲ್ಲರೂ ಅರ್ಧ ಮಾತು ಹೇಳಿಯೇ ಇಷ್ಟು ವರ್ಷ ಬೇಲಿಯ ಹೊರಗೆ ನಿಲ್ಲಿಸಿದ್ದು.

"ಹೋಗಲಿಲ್ಲ ಅಪ್ಪ" ಎಂದೆ. "ಸೌಂಡಿನವನು ಆ ದಿನವೇ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದಾನೆ. ಮಂಡಲದ ಹುಡುಗರ ಮೊಬೈಲಿನಲ್ಲಿ ಉಂಟು. ಅವರು ಬೇರೆಯವರಿಗೆ ಕಳಿಸಿ ಆಗಿದೆ."

ಗೆಳೆಯ ಕೋಪದಿಂದ ಲ್ಯಾಪ್‌ಟಾಪ್ ಮುಚ್ಚಿದ. ನಾನು ಇಷ್ಟು ದೂರ ಬಂದದ್ದು ಇದಕ್ಕಾ ಎಂದು ನನ್ನನ್ನು ಕೇಳಿದ. ಉತ್ತರ ಕೊಟ್ಟದ್ದು ಅಪ್ಪ. ಅವರು ಅವನನ್ನು ಧಣಿ ಎನ್ನಲಿಲ್ಲ, ನೇರವಾಗಿ ಅವನನ್ನೇ ನೋಡಿ ಹೇಳಿದರು.

"ಹಾಗಾದರೆ ಆ ಬಾರಿಸುವಿಕೆ ನಿಮ್ಮ ಹತ್ತಿರವೇ ಇರಲಿ. ಇನ್ನು ನಾನು ಅದನ್ನು ಬಾರಿಸುವುದಿಲ್ಲ."

ಅಪ್ಪ ಮಾತು ಮುರಿಯುವವರಲ್ಲ. ಕಾಲನಿಯ ಮೊನ್ನೆಯ ಮದುವೆಯಲ್ಲಿ ಬೇರೆಯೇ ಬಾರಿಸಿದರು. ನಡಿಗೆ ಬೇರೆ, ಪೆಟ್ಟು ಬೀಳುವ ಜಾಗ ಬೇರೆ. ಕೆಲವು ಕಡೆ ಕೈ ಹಳೆಯ ದಾರಿಗೆ ಹೊರಟು ಅರ್ಧದಲ್ಲಿ ತಡೆದು ನಿಲ್ಲುವುದು ನನಗೆ ಕಾಣುತ್ತಿತ್ತು. ಕುಣಿಯುವವರು ಗೊಂದಲಗೊಂಡು, ಆಮೇಲೆ ಹೊಂದಿಕೊಂಡರು. ಹೊಸದು ಚೆನ್ನಾಗಿದೆ ಎಂದು ನನ್ನ ಪಕ್ಕದಲ್ಲಿದ್ದವರು ಹೇಳಿದರು. ಚೆನ್ನಾಗಿಯೇ ಇತ್ತು. ಅದರಿಂದ ನನಗೆ ಯಾವ ಸಮಾಧಾನವೂ ಆಗಲಿಲ್ಲ. ಅಜ್ಜನಿಂದ ಬಂದ ಬಾರಿಸುವಿಕೆಯನ್ನು ಈ ವಯಸ್ಸಿನಲ್ಲಿ ಅಪ್ಪ ಯಾಕೆ ಬಿಟ್ಟುಕೊಡಬೇಕಿತ್ತು? ಸ್ಪೀಕರನ್ನು ಬೇಲಿಯ ಈಚೆಗೆ ತರಲು ಇಬ್ಬರು ಹುಡುಗರು ಸಾಕಾಗಿತ್ತು.